ಉಪಯೋಗವೇನು ಎಂದು ಕೇಳುವವರಿಗೆ

ಹೆಂಗಸು ಬಿಡುವಾಗಿ ಕೂತು ಏನು ಮಾಡಿದರೂ ಅದು ಮನೆಗೆ ಏನಾದರೊಂದು ಆಗಿ ವಾಪಸು ಬರಬೇಕು. ಇದು ನಮ್ಮಲ್ಲಿ ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುವ ಕಾನೂನು. ಕಸೂತಿ ಹಾಕಿದರೆ ದಿಂಬಿನ ಕವರಾಗಬೇಕು. ಉಣ್ಣೆ ಹೆಣೆದರೆ ಮೊಮ್ಮಗುವಿನ ಟೋಪಿಯಾಗಬೇಕು. ಸಂಗೀತ ಕಲಿತರೆ ಹಬ್ಬದ ದಿನ ದೇವರ ಮುಂದೆ ಎರಡು ಹಾಡಾಗಬೇಕು. ಕೈತೋಟ ಮಾಡಿದರೆ ಬದನೆಕಾಯಾದರೂ ಬಿಡಬೇಕು. ಗಂಡಸು ಇಡೀ ಭಾನುವಾರ ಕ್ರಿಕೆಟ್ ನೋಡಿದರೆ ಅದರಿಂದ ಮನೆಗೆ ಎಷ್ಟು ಬದನೆಕಾಯಿ ಬಂತು ಎಂದು ಯಾರೂ ಕೇಳುವುದಿಲ್ಲ.

ಈ ಕಾನೂನನ್ನು ನಾನು ಮುರಿದಿದ್ದೇನೆ. ಮೇಷ್ಟರಿಕೆಯಿಂದ ನಿವೃತ್ತಳಾದ ಮೇಲೆ ನಾನು ಹಿಡಿದ ಹವ್ಯಾಸ ಮನೆಗೆ ಏನೂ ಆಗಿ ಬರುವುದಿಲ್ಲ. ನಾನು ಸ್ವಿಟ್ಜರ್ಲೆಂಡಿನ ರೈಲುಗಳನ್ನು ಬೆರಳುದ್ದದ ಮಾದರಿಗಳಾಗಿ ಕೂಡಿಡುತ್ತೇನೆ. ಅವು ಓಡಲು ಬೆಟ್ಟ, ಸೇತುವೆ, ಸುರಂಗಗಳನ್ನು ಕೈಯಾರೆ ಕಟ್ಟುತ್ತೇನೆ. ಹಿತ್ತಿಲ ಕಡೆಯ ಕೋಣೆಯಲ್ಲಿ, ಹಳೆಯ ಮಂಚದ ಮೇಲೆ ಹಲಗೆ ಹಾಸಿ, ಆರು ಅಡಿ ಉದ್ದ ಮೂರು ಅಡಿ ಅಗಲದಲ್ಲಿ ಒಂದು ಪರ್ವತ ಸೀಮೆ ಎದ್ದಿದೆ. ಬಂದವರು ಮೊದಲು ನಗುತ್ತಾರೆ. ಆಮೇಲೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಅವರ ಕಣ್ಣಲ್ಲಿ ಹಾದುಹೋಗುತ್ತದೆ. ಕೊನೆಗೆ ಬಾಯಿಬಿಟ್ಟು ಕೇಳುತ್ತಾರೆ: ‘ಇದರಿಂದ ಉಪಯೋಗ ಏನು?’ ಮೊನ್ನೆ ಮನೆಯವರೇ ಸೇರಿ ಆ ಕೋಣೆಯನ್ನು ಖಾಲಿ ಮಾಡಿ ಬಾಡಿಗೆಗೆ ಕೊಡುವ ಪ್ರಸ್ತಾಪವಿಟ್ಟರು. ಆದ್ದರಿಂದ ಈ ಬರಹ.

ನಮ್ಮಂಥ ಅಮ್ಮಂದಿರನ್ನು ಮಕ್ಕಳು ಪರದೇಶಕ್ಕೆ ಕರೆಸಿಕೊಳ್ಳುವುದು ಏತಕ್ಕೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಗಳ ಬಾಣಂತನಕ್ಕೆಂದು ನಾನೂ ಜ್ಯೂರಿಕ್‌ಗೆ ಹೋದೆ. ಮೂರು ತಿಂಗಳ ವೀಸಾ, ಮೂರು ತಿಂಗಳ ಕಷಾಯ. ಆದರೆ ಮೊದಲ ವಾರವೇ ಒಂದು ಮಾತು ಹೇಳಿಬಿಟ್ಟಿದ್ದೆ: ಭಾನುವಾರ ನನ್ನದು. ಆ ಭಾನುವಾರಗಳಲ್ಲೇ ನಾನು ಒಬ್ಬಳೇ ಕೂರ್ ಎಂಬ ಊರಿಗೆ ಹೋಗಿ, ಅಲ್ಲಿಂದ ಹೊರಡುವ ರೇಷ್ಯನ್ ರೈಲ್ವೆಯ ಕೆಂಪು ಗಾಡಿ ಹತ್ತಿದ್ದು.

ಆ ರೈಲಿನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನನ್ನ ಮಂಚದ ಮೇಲಿರುವುದು ನಿಮಗೆ ಅರ್ಥವಾಗದು. 1889ರಲ್ಲಿ ಲಾಂಡ್‌ಕ್ವಾರ್ಟ್‌ನಿಂದ ಕ್ಲೋಸ್ಟರ್ಸ್‌ವರೆಗೆ ಮೊದಲ ಹಳಿ ಬಿತ್ತು. 1903ರಲ್ಲಿ ಆಲ್ಬುಲಾ ಕಣಿವೆಯ ಮಾರ್ಗ ತೆರೆಯಿತು, 1904ರಲ್ಲಿ ಸೇಂಟ್ ಮೊರಿಟ್ಜ್ ಮುಟ್ಟಿತು. 1910ರ ಹೊತ್ತಿಗೆ ಬೆರ್ನಿನಾ ಮಾರ್ಗ ಬೆಟ್ಟ ದಾಟಿ ಇಟಲಿಯ ತಿರಾನೋ ತಲುಪಿತು. ಥೂಸಿಸ್‌ನಿಂದ ತಿರಾನೋವರೆಗಿನ 122 ಕಿಲೋಮೀಟರಿನಲ್ಲಿ 196 ಸೇತುವೆಗಳು, 55 ಸುರಂಗಗಳು. 2253 ಮೀಟರ್ ಎತ್ತರದ ಒಸ್ಪಿಜಿಯೋ ಬೆರ್ನಿನಾದಿಂದ 429 ಮೀಟರಿನ ತಿರಾನೋಗೆ ಗಾಡಿ ಇಳಿಯುತ್ತದೆ. ಸಾವಿರ ಮೀಟರಿಗೆ ಎಪ್ಪತ್ತು ಮೀಟರ್ ಇಳಿಜಾರು. ಹಾಗಿದ್ದೂ ಹಲ್ಲುಚಕ್ರವಿಲ್ಲ, ಬರೀ ಗಾಲಿ ಮತ್ತು ಹಳಿಯ ಹಿಡಿತ. ಬ್ರೂಸಿಯೋ ಎಂಬಲ್ಲಿ ಇಳಿಯಲು ಜಾಗ ಸಾಲದೆ, ಬಯಲಿನಲ್ಲೇ ಒಂದು ಸುತ್ತು ಹಾಕಿ, ಒಂಬತ್ತು ಕಮಾನಿನ ತನ್ನದೇ ಸೇತುವೆಯ ಕೆಳಗೆ ತಾನೇ ನುಸುಳಿ ಹೋಗುತ್ತದೆ. ರಂಗೋಲಿಯ ಎಳೆ ತನ್ನ ಮೇಲೆ ತಾನೇ ಹಾದುಹೋಗುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2008ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹಳಿಗಳ ಅಗಲ ಒಂದು ಮೀಟರ್. ಹಳೆ ಮೈಸೂರು ಸೀಮೆಯಲ್ಲಿ ನಮ್ಮ ಬಾಲ್ಯದ ಬಹುತೇಕ ರೈಲುಗಳು ಓಡಿದ್ದೂ ಅದೇ ಮೀಟರ್ ಗೇಜಿನ ಮೇಲೆ.

ಇಂಥದ್ದನ್ನು ಮಂಚದ ಮೇಲೆ ತರುವುದು ಲೆಕ್ಕದ ಕೆಲಸ. ಮಾದರಿ ರೈಲಿನಲ್ಲಿ ಹಲವು ಅಳತೆಗಳಿವೆ. ಎಚ್‌ಓ ಎಂಬುದು ನಿಜದ 87ರಲ್ಲಿ ಒಂದು ಪಾಲು. ಎನ್ ಎಂಬುದು 160ರಲ್ಲಿ ಒಂದು. 1972ರಲ್ಲಿ ಮಾರ್ಕ್ಲಿನ್ ತಂದ ಜ಼ೆಡ್ ಎಂಬುದು 220ರಲ್ಲಿ ಒಂದು. ಅದರ ಹಳಿಯ ಅಗಲ ಆರೂವರೆ ಮಿಲಿಮೀಟರ್. ನನ್ನಲ್ಲಿರುವುದು ಜಪಾನಿನ ಕಾಟೋ ಕಂಪನಿಯ ಕೆಂಪು ಗಾಡಿಗಳು, 150ರಲ್ಲಿ ಒಂದು ಪಾಲಿನವು. ಇವು ಓಡುವುದು ಎನ್ ಅಳತೆಯ 9 ಮಿಲಿಮೀಟರ್ ಹಳಿಯ ಮೇಲೆ. ಒಂಬತ್ತನ್ನು 150ರಿಂದ ಗುಣಿಸಿ ನೋಡಿ: 1350 ಬಂತು. ನಿಜದ ಹಳಿ 1000 ಮಿಲಿಮೀಟರ್. ಅಂದರೆ ನನ್ನ ಗಾಡಿ ಸ್ವಲ್ಪ ಕಾಲಗಲಿಸಿಕೊಂಡು ಓಡುತ್ತದೆ. ಕಟ್ಟುನಿಟ್ಟಿನವರು ಇದನ್ನು ಒಪ್ಪುವುದಿಲ್ಲ. ಅವರು ಬೇಮೋ ಕಂಪನಿಯ ಎಚ್‌ಓ ಅಳತೆಯ, 12 ಮಿಲಿಮೀಟರ್ ಹಳಿಯ ಮಾದರಿಗೆ ಹೋಗುತ್ತಾರೆ. ನಾನು ಹೋಗಲಿಲ್ಲ. ಕಾರಣ ಲ್ಯಾಂಡ್‌ವಾಸರ್ ಸೇತುವೆ.

1901–02ರಲ್ಲಿ ಕಟ್ಟಿದ ಈ ಕಲ್ಲಿನ ಸೇತುವೆ 65 ಮೀಟರ್ ಎತ್ತರ, 136 ಮೀಟರ್ ಉದ್ದ, ಆರು ಕಮಾನು. ನೂರು ಮೀಟರ್ ತ್ರಿಜ್ಯದಲ್ಲಿ ಬಾಗಿ ಬಂದು ಕಡಿಬಂಡೆಯೊಳಗಿನ ಸುರಂಗಕ್ಕೆ ನೇರವಾಗಿ ನುಗ್ಗುತ್ತದೆ. ಸಾರವೆ ಕಟ್ಟಲಿಲ್ಲ, ಕಂಬಗಳ ಒಳಗೇ ಕಬ್ಬಿಣದ ಗೋಪುರ ನಿಲ್ಲಿಸಿ, ಅದರ ತುದಿಯ ಕ್ರೇನಿನಿಂದ ಕಲ್ಲು ಎತ್ತಿ ಕಟ್ಟಿದರು. ಎಚ್‌ಓ ಅಳತೆಯಲ್ಲಿ ಇದನ್ನು ಕಟ್ಟಿದರೆ ಒಂದೂವರೆ ಮೀಟರಿಗೂ ಉದ್ದ, ಮುಕ್ಕಾಲು ಮೀಟರ್ ಎತ್ತರ. ಕೋಣೆಯಲ್ಲಿ ನಾನಿರಬೇಕು ಇಲ್ಲವೇ ಸೇತುವೆ ಇರಬೇಕು. ನನ್ನ ಅಳತೆಯಲ್ಲಿ ಅದು 43 ಸೆಂಟಿಮೀಟರ್ ಎತ್ತರ, 91 ಸೆಂಟಿಮೀಟರ್ ಉದ್ದ. ಅಡುಗೆಮನೆಯ ಸ್ಟೂಲಿನಷ್ಟೆತ್ತರ. ಸಣ್ಣ ಅಳತೆಯ ಗುಟ್ಟೇ ಇದು: ವಸ್ತು ಚಿಕ್ಕದಾದಷ್ಟೂ ಸುತ್ತಲ ಪ್ರಪಂಚ ದೊಡ್ಡದಾಗುತ್ತದೆ. ನಮಗೆ ಸಿಕ್ಕುವ ಜಾಗ ಯಾವಾಗಲೂ ಚಿಕ್ಕದೇ. ಅದರಲ್ಲಿ ಬೆಟ್ಟವನ್ನು ಹಿಡಿಸುವ ಉಪಾಯ ನನಗೆ ಬೇಕಿತ್ತು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು, ಇದು ಗಂಡುಹುಡುಗರ ಆಟ. ಅಲ್ಲಿಯ ಒಂದು ಅಂಗಡಿಯಲ್ಲಿ ಗಲ್ಲಾದ ಹಿಂದಿದ್ದವರು ‘ಮೊಮ್ಮಗನಿಗೋ?’ ಎಂದು ಕೇಳಿದರು. ‘ನನಗೆ’ ಎಂದೆ. ಆಮೇಲೆ ಅವರು ವಿವರಣೆಯನ್ನೆಲ್ಲ ನನ್ನ ಅಳಿಯನಿಗೆ ಕೊಟ್ಟರು. ಅವನಿಗೋ ಎಂಜಿನ್ನಿನ ಹಿಂದು ಮುಂದು ಗೊತ್ತಿಲ್ಲ. ಅವರು ಮಾರುತ್ತಿದ್ದ ಪೆಟ್ಟಿಗೆಗಳ ಮೇಲೆಲ್ಲ ಒಂದು ಹೆಸರಿತ್ತು: ಮಾರ್ಕ್ಲಿನ್. ಆ ಹೆಸರಿನ ಚರಿತ್ರೆ ನೋಡಿ. 1859ರಲ್ಲಿ ಜರ್ಮನಿಯ ಗೋಪಿಂಗೆನ್‌ನಲ್ಲಿ ತಗಡು ಕೆಲಸದ ಥಿಯೊಡೋರ್ ಮಾರ್ಕ್ಲಿನ್ ಶುರುಮಾಡಿದ್ದು ರೈಲನ್ನಲ್ಲ, ಗೊಂಬೆಯ ಅಡುಗೆಮನೆಯ ಪಾತ್ರೆ ಪಡಗಗಳನ್ನು. ಅವುಗಳನ್ನು ಊರೂರು ತಿರುಗಿ ಮಾರಿದವಳು ಹೆಂಡತಿ ಕ್ಯಾರೋಲಿನ್. 1866ರಲ್ಲಿ ಗಂಡ ತೀರಿಕೊಂಡ. ಮಕ್ಕಳು ಬೆಳೆದು 1888ರಲ್ಲಿ ಕೈಗೆತ್ತಿಕೊಳ್ಳುವವರೆಗೆ, ಎರಡು ದಶಕ ಆ ಕಾರ್ಖಾನೆ ಮುಳುಗದಂತೆ ಹಿಡಿದವಳು ಅವಳೇ. 1891ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಹಳಿಗಳ ಸಮೇತ ಕೀಲಿ ರೈಲು ಬಂದು ಜಗತ್ತನ್ನೇ ಮರುಳು ಮಾಡಿತು. ಅಂದರೆ ‘ಗಂಡುಹುಡುಗರ ಆಟ’ದ ಅತಿ ದೊಡ್ಡ ಹೆಸರು ಉಳಿದುಬಂದದ್ದು ಒಬ್ಬ ವಿಧವೆಯ ಕಾಲ್ನಡಿಗೆಯಿಂದ, ಹೆಣ್ಣುಮಕ್ಕಳ ಅಡಿಗೆಯಾಟದ ದುಡ್ಡಿನಿಂದ.

ಇನ್ನು ಕೈಕೆಲಸದ ಮಾತು. ಮೈಸೂರು ಕಡೆಯ ಮನೆಗಳಲ್ಲಿ ದಸರಾ ಗೊಂಬೆ ಕೂರಿಸಿದವರನ್ನು ಕೇಳಿ. ಕನ್ನಡಿಯಿಟ್ಟು ಕೆರೆ ಮಾಡಿದವರು ನಾವು. ಒಂಬತ್ತು ದಿನಕ್ಕೆ ಸರಿಯಾಗಿ ರಾಗಿ ಮೊಳಕೆ ಬರಿಸಿ ಹುಲ್ಲುಗಾವಲು ಮಾಡಿದವರು ನಾವು. ಮರಳಿನಲ್ಲಿ ದಾರಿ, ಕಾಗದದಲ್ಲಿ ಬೆಟ್ಟ, ಪಾರ್ಕಿನಲ್ಲಿ ಬೆಂಚು ಇಟ್ಟವರು ನಾವು. ಇದನ್ನೇ ಗಂಡಸರು ಮಾಡಿದಾಗ ‘ಲೇಔಟ್’ ಎಂಬ ಹೆಸರು ಬರುತ್ತದೆ. ನನ್ನ ಬೆಟ್ಟ ಟಿವಿ ಪೆಟ್ಟಿಗೆಯ ಥರ್ಮೋಕೋಲಿನದು, ಮೇಲೆ ಪ್ಲಾಸ್ಟರ್. ಎಂಗಡೀನ್ ಕಣಿವೆಯ ಲಾರ್ಚ್ ಮರ ಎಲೆ ಉದುರಿಸುವ ಮುಂಚೆ, ಅಕ್ಟೋಬರಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ನನ್ನ ಲಾರ್ಚ್‌ಗಳು ಒಣಗಿದ ತುಳಸಿ ಕಡ್ಡಿಗಳು, ಅಂಟು ಸವರಿ ಅರಿಶಿನ ಬೆರೆಸಿದ ಮರದ ಹೊಟ್ಟು ಉದುರಿಸಿದವು. ಪೊಟ್ಟಣದಲ್ಲಿ ಸೆಂಟಿಮೀಟರ್ ಎತ್ತರದ ಮನುಷ್ಯರು ಸಿಗುತ್ತಾರೆ. ನಾನು ಕೊಂಡದ್ದರಲ್ಲಿ ಗಾರ್ಡು, ಡ್ರೈವರು, ಹಮಾಲಿ ಎಲ್ಲರೂ ಗಂಡಸರು. ಹೆಂಗಸರು ಮಗುವಿನ ಗಾಡಿ ತಳ್ಳುತ್ತಿದ್ದರು, ಇಲ್ಲವೇ ಚೀಲ ಹಿಡಿದು ಕಾಯುತ್ತಿದ್ದರು. ಮೂರು ಕೂದಲಿನ ಕುಂಚದಲ್ಲಿ ಒಬ್ಬಳಿಗೆ ಗಾರ್ಡಿನ ಸಮವಸ್ತ್ರ ಬಳಿದೆ. ಚೀಲ ಮಾತ್ರ ಕೈಬಿಡಲಿಲ್ಲ, ಅಂಟಿಕೊಂಡೇ ಅಚ್ಚಾಗಿತ್ತು.

ಎರಡನೆಯ ಆಕ್ಷೇಪ ದೇಶಾಭಿಮಾನಿಗಳದು: ನಮ್ಮಲ್ಲಿ ರೈಲಿಲ್ಲವೇ, ಸ್ವಿಟ್ಜರ್ಲೆಂಡ್ ಯಾಕೆ ಬೇಕು? ಇವರು ದಶಕಗಳ ಕಾಲ ಊರಿಂದೂರಿಗೆ ಹೋದ ನೀಲಿ ಬೋಗಿಗಳ ವಿನ್ಯಾಸ ಎಲ್ಲಿಂದ ಬಂತು? 1955ರಲ್ಲಿ ನೆಹರೂ ಉದ್ಘಾಟಿಸಿದ ಪೆರಂಬೂರಿನ ಕೋಚ್ ಕಾರ್ಖಾನೆ, ಜ್ಯೂರಿಕ್ ಪಕ್ಕದ ಶ್ಲೀರೆನ್ ಊರಿನ ಕಂಪನಿಯ ಸಹಯೋಗದಲ್ಲಿ ಎದ್ದದ್ದು. ಆ ಮಾದರಿಯ ಬೋಗಿಗಳು 2018ರವರೆಗೂ ಅಲ್ಲಿ ತಯಾರಾದವು. ನಮ್ಮ ತವರಿನ ದಾರಿಯೆಲ್ಲ ಸ್ವಿಸ್ ಬೋಗಿಯಲ್ಲೇ ಸವೆದಿದೆ. ಮುಂಬೈ–ಪುಣೆ ಘಾಟಿಯಲ್ಲಿ ‘ಖೇಕಡಾ’, ಅಂದರೆ ಏಡಿ, ಎಂದು ಹೆಸರಾದ ಹಳೆಯ ವಿದ್ಯುತ್ ಎಂಜಿನ್ನುಗಳಲ್ಲಿ ಹತ್ತು ಬಂದದ್ದು ಸ್ವಿಟ್ಜರ್ಲೆಂಡಿನ ವಿಂಟರ್ಥೂರ್‌ನಿಂದ. ಗೊಟಾರ್ಡ್ ಬೆಟ್ಟ ಹತ್ತಿದ ಉದ್ದ ಮೂತಿಯ ‘ಮೊಸಳೆ’ ಎಂಜಿನ್ನುಗಳ ಒಕ್ಕಲು ಅದು. ಅಲ್ಲಿ ಮೊಸಳೆ, ಇಲ್ಲಿ ಏಡಿ. ನೀರು ಬಿಟ್ಟು ಬೆಟ್ಟ ಹತ್ತಿದ ಪ್ರಾಣಿಗಳು!

ಹಾಗೆಂದು ಆ ದೇಶವನ್ನು ಸಿನಿಮಾ ಹಾಡಿನಂತೆ ನೋಡುವವಳು ನಾನಲ್ಲ. 1882ರಲ್ಲಿ ತೆರೆದ 15 ಕಿಲೋಮೀಟರಿನ ಗೊಟಾರ್ಡ್ ಸುರಂಗ ಕೊರೆಯುವಾಗ ಸುಮಾರು 200 ಕೂಲಿಗಳು ಸತ್ತರು. ಹೆಚ್ಚಿನವರು ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು. 1875ರಲ್ಲಿ ಗೋಶೆನೆನ್‌ನಲ್ಲಿ ಅವರು ಮುಷ್ಕರ ಹೂಡಿದಾಗ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಇನ್ನು ಹೆಂಗಸರ ಪಾಡು. 1902ರಲ್ಲೇ ಬಂಡೆಯ ಬಾಯಿಗೆ ಸರಿಯಾಗಿ ಸೇತುವೆ ಕೂರಿಸಬಲ್ಲ ದೇಶ ತನ್ನ ಹೆಂಗಸರಿಗೆ ರಾಷ್ಟ್ರದ ಮತದಾನದ ಹಕ್ಕು ಕೊಟ್ಟದ್ದು 1971ರಲ್ಲಿ. ನಮ್ಮ ಅಜ್ಜಿಯಂದಿರು ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಬೆರಳಿಗೆ ಮಸಿ ಹಚ್ಚಿಸಿಕೊಂಡಿದ್ದರು. ಆಪೆನ್ಜೆಲ್ ಇನರ್‌ರೋಡನ್ ಎಂಬ ಪ್ರಾಂತ್ಯಕ್ಕಂತೂ 1990ರಲ್ಲಿ ನ್ಯಾಯಾಲಯವೇ ಬುದ್ಧಿ ಹೇಳಬೇಕಾಯಿತು. ಗಂಡನ ಮಾತೇ ಮನೆಯ ಕಾನೂನು ಎಂಬಂತಿದ್ದ ಹಳೆಯ ವಿವಾಹ ಕಾಯಿದೆ ಬದಲಾದದ್ದು 1988ರಲ್ಲಿ. ಇದನ್ನೆಲ್ಲ ನಾನು ಓದಿ ತಿಳಿದದ್ದು ಈ ‘ಆಟಿಕೆ’ಯ ಬೆನ್ನು ಹತ್ತಿಯೇ. ನನ್ನ ಸುರಂಗದ ಬಾಯಲ್ಲಿ ಗುದ್ದಲಿ ಹಿಡಿದ ಹತ್ತು ಜನ ನಿಂತಿದ್ದಾರೆ. ಕಾಲ ಹೊಂದುವುದಿಲ್ಲ ಎಂದು ಬಲ್ಲವರು ತಪ್ಪು ತೆಗೆಯುತ್ತಾರೆ. ಅವರು ಅಲ್ಲೇ ಇರುತ್ತಾರೆ.

ಬಲ್ಲವರೊಂದಿಗೂ ನನ್ನ ಜಗಳವಿದೆ. ಪೆಟ್ಟಿಗೆ ಒಡೆಯದೆ, ಬೀರುವಿನೊಳಗಿಟ್ಟು, ಮುಂದೆ ಬೆಲೆ ಏರುತ್ತದೆಂದು ಕಾಯುವ ಸಂಗ್ರಾಹಕರಿದ್ದಾರೆ. ಬ್ಯಾಂಕ್ ಲಾಕರಿನಲ್ಲಿ ಒಡವೆಯಿಟ್ಟು ಮದುವೆಗೆ ಗಿಲೀಟು ಹಾಕಿಕೊಂಡು ಹೋಗುವ ನಮ್ಮ ಬಳಗಕ್ಕೂ ಇವರಿಗೂ ಏನು ವ್ಯತ್ಯಾಸ? ಇವರ ಹವ್ಯಾಸಕ್ಕೂ ಕೊನೆಗೆ ‘ಉಪಯೋಗ’ವೇ ಬೇಕು. ಎಂಜಿನ್ನು ಇರುವುದು ಓಡಲಿಕ್ಕೆ.

ಉಳಿದದ್ದು ದುಡ್ಡು ಮತ್ತು ಜಾಗ. ನನ್ನ ಕೆಂಪು ಗಾಡಿಯ ಬೆಲೆ ಒಂದು ಒಳ್ಳೆಯ ರೇಷ್ಮೆ ಸೀರೆಯದು. ಆ ಸೀರೆ ಕೊಂಡಿದ್ದರೆ ನಾಲ್ಕು ಜನ ಹೊಗಳಿ, ಎಲ್ಲಿ ಕೊಂಡಿರಿ ಎನ್ನುತ್ತಿದ್ದರು. ವರ್ಷಕ್ಕೆರಡು ಬಾರಿ ಉಟ್ಟು ಮಡಿಸಿಡುತ್ತಿದ್ದೆ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂದು ಗಾದೆ ಹೇಳುವವರೇ, ಹಿಟ್ಟು ನಾದುವವಳೂ ನಾನೇ, ಪಿಂಚಣಿಯೂ ನನ್ನದೇ. ಕೋಣೆಯ ಬಾಡಿಗೆಯ ಮಾತಿಗೂ ಲೆಕ್ಕ ಹೇಳುತ್ತೇನೆ. ಮೂವತ್ತೆರಡು ವರ್ಷ ಶಾಲೆಯ ದುಡಿಮೆ, ಮೇಲೆ ಮನೆಯ ದುಡಿಮೆ. ಅಷ್ಟಕ್ಕೂ ಸೇರಿ ಹದಿನೆಂಟು ಚದರ ಅಡಿ ಬಾಡಿಗೆ ಕೊಟ್ಟಾಗಿದೆ ಎಂದು ನಾನು ತಿಳಿದಿದ್ದೇನೆ.

ಮತ್ತೆ ಆ ಮೂಲ ಪ್ರಶ್ನೆ: ಉಪಯೋಗ ಏನು? ಏನೂ ಇಲ್ಲ. ಅದೇ ಅದರ ದೊಡ್ಡ ಗುಣ. ದಿನದಲ್ಲಿ ಒಂದು ಗಂಟೆ ನಾನು ಯಾರ ತಾಯಿಯೂ ಅಲ್ಲ, ಅತ್ತೆಯೂ ಅಲ್ಲ, ಅಜ್ಜಿಯೂ ಅಲ್ಲ. ಕಮಾನಿನ ಕಲ್ಲು ಕೂರುವವರೆಗೆ ಉಸಿರು ಹಿಡಿದು ಕೂತ ಒಬ್ಬಳು ಕೆಲಸಗಾತಿ. ಪಕ್ಕದ ಮನೆಯಾಕೆ ಮೊದಲು ನಗಲು ಬಂದವರು, ಈಗ ಸಂಜೆ ಕುಕ್ಕರ್ ಇಳಿಸಿ ಬಂದು ಗಾಡಿ ಓಡಿಸುತ್ತಾರೆ. ಸುರಂಗದಿಂದ ಹೊರಬರುವಾಗ ವೇಗ ತಗ್ಗಿಸಬೇಕು ಎಂದು ನನಗೇ ಹೇಳುತ್ತಾರೆ. ಮನೆಯಲ್ಲಿ ಮಾತ್ರ ಹೂವು ಕೊಡಲು ಹೋಗಿದ್ದೆ ಎನ್ನುತ್ತಾರಂತೆ.

ಆ ಸುಳ್ಳು ನನ್ನನ್ನು ಕಾಡುತ್ತದೆ. ಕುಡಿಯಲು ಹೋದವನಲ್ಲ, ಜೂಜಿಗೆ ಹೋದವನಲ್ಲ. ಅರ್ಧ ಗಂಟೆ ರೈಲು ಓಡಿಸಲು ಹೋದ ಹೆಂಗಸು ಯಾಕೆ ಸುಳ್ಳು ಹೇಳಬೇಕು? ನೀವು ರೈಲೇ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಚಿಟ್ಟೆ ನೋಡಿ, ಹಳೆ ನಾಣ್ಯ ತೊಳೆಯಿರಿ, ಚದುರಂಗ ಕಲಿಯಿರಿ. ಮೊದಲು ಮನೆಯಲ್ಲಿ ಒಂದು ಮೇಜು ಕೇಳಿ. ಅದರ ಮೇಲೆ ಇಸ್ತ್ರಿ ಬಟ್ಟೆ ಇಡಲು ಯಾರಿಗೂ ಬಿಡಬೇಡಿ. ಏತಕ್ಕೆ ಎಂದು ಕೇಳಿದರೆ, ‘ನನಗೆ’ ಎನ್ನಿ. ಆ ಒಂದು ಮಾತು ಅಭ್ಯಾಸವಾದರೆ ಉಳಿದದ್ದು ತಾನಾಗಿ ಬರುತ್ತದೆ. ನನ್ನ ಕೋಣೆಯಂತೂ ಬಾಡಿಗೆಗಿಲ್ಲ.