ಮೀನುಹೊಂಡದ ಗೋಡು ಸಸಿಚೀಲಕ್ಕೆ ಬರಲಿ

ಬೇಸಿಗೆಯಲ್ಲಿ ಮೀನುಹೊಂಡ ಖಾಲಿ ಮಾಡುವ ದಿನ ಇಡೀ ಊರಿಗೆ ಗೊತ್ತಾಗುತ್ತದೆ. ಬಲೆ ಎಳೆದು ಕಾಟ್ಲಾ, ರೋಹು, ಗೆಂಡೆಗಳನ್ನು ತೂಕ ಹಾಕಿ ಸಾಗಿಸಿದ ಮೇಲೆ ಮೋಟರ್ ಇಟ್ಟು ಉಳಿದ ಹಸಿರು ನೀರನ್ನು ಹಳ್ಳಕ್ಕೆ ಬಿಡುತ್ತಾರೆ. ತಳದಲ್ಲಿ ಪಾದ ಹೂತುಕೊಳ್ಳುವಷ್ಟು ಕಪ್ಪು ರಾಡಿ ಉಳಿಯುತ್ತದೆ. ಪ್ಲಾಸ್ಟಿಕ್ ಹೊದಿಕೆ ಹರಿಯದಂತೆ ಅದನ್ನು ಬಾಂಡ್ಲಿಯಲ್ಲಿ ಬಾಚಿ ಬದುವಿನಾಚೆ ಸುರಿದರೆ ಕೆಲಸ ಮುಗಿಯಿತು. ಅದೇ ಹೊತ್ತಿಗೆ ಪಕ್ಕದ ಊರಿನ ನರ್ಸರಿಯವರು ಮಾವು, ಸಪೋಟ, ಸೀಬೆ ಸಸಿಗಳ ಚೀಲ ತುಂಬಲು ಕಳಿತ ಕೊಟ್ಟಿಗೆ ಗೊಬ್ಬರ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾ ಟ್ರ್ಯಾಕ್ಟರ್ ಓಡಿಸುತ್ತಿರುತ್ತಾರೆ.

ಒಬ್ಬರು ಎಸೆಯುವುದನ್ನೇ ಇನ್ನೊಬ್ಬರು ದುಡ್ಡು ಕೊಟ್ಟು ಹುಡುಕುತ್ತಿದ್ದಾರೆ. ಇದು ನಿಲ್ಲಬೇಕು.

ಎಸೆಯುತ್ತಿರುವುದು ಎಷ್ಟು ಎಂಬುದನ್ನು ಸರಳ ಲೆಕ್ಕದಲ್ಲೇ ನೋಡಬಹುದು. ಸಾಕಿದ ಮೀನು ಒಂದು ಕೆಜಿ ತೂಗಬೇಕಾದರೆ ಸುಮಾರು ಒಂದೂವರೆ ಕೆಜಿ ಆಹಾರ ಹಾಕಬೇಕಾಗುತ್ತದೆ. ಆ ಆಹಾರದಲ್ಲಿ ಶೇ 30ರಷ್ಟು ಪ್ರೋಟೀನ್ ಇದ್ದರೆ, ಅದರೊಳಗಿನ ಸಾರಜನಕ ಸುಮಾರು 72 ಗ್ರಾಂ. ಮೀನು ತನ್ನ ಮೈಗೆ ಸೇರಿಸಿಕೊಳ್ಳುವುದು ಅದರಲ್ಲಿ 25ರಿಂದ 30 ಗ್ರಾಂ ಮಾತ್ರ. ಮಿಕ್ಕಿದ್ದು ಕಿವಿರಿನಿಂದ ಅಮೋನಿಯಾ ಆಗಿ, ಹಿಕ್ಕೆಯಾಗಿ, ತಿನ್ನದೆ ಬಿಟ್ಟ ಕಾಳಾಗಿ ನೀರಿಗೆ ಸೇರುತ್ತದೆ. 500 ಕೆಜಿ ಮೀನು ಬೆಳೆದ ಕಡೆ ಹೀಗೆ ಉಳಿಯುವ ಸಾರಜನಕ 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಇರುವಷ್ಟು. ಒಂದಿಷ್ಟು ಗಾಳಿಗೆ ಹೋಗುತ್ತದೆ ಎಂದಿಟ್ಟುಕೊಂಡರೂ ಇದು ಸಣ್ಣ ಗಂಟಲ್ಲ. ರಂಜಕದ ಬಹುಪಾಲು ತಳದ ಕೆಸರಿನಲ್ಲೇ ಕೂತಿರುತ್ತದೆ. ಹಳ್ಳಕ್ಕೆ ಬಿಟ್ಟಾಗ ಇದೇ ಗೊಬ್ಬರ ಕೆಳಗಿನ ಕೆರೆಯಲ್ಲಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತದೆ.

ಯೂರಿಯಾ ಚೀಲ 300 ರೂಪಾಯಿಯೊಳಗೇ ಸಿಗುವಾಗ ಈ ರಾಡಿಯ ಗೊಡವೆ ಯಾಕೆ ಎಂದು ಯಾರಾದರೂ ಕೇಳಬಹುದು. ಆ ಬೆಲೆಯ ಹಿಂದೆ ಸರ್ಕಾರದ ದೊಡ್ಡ ಸಹಾಯಧನ ಇದೆ ಎಂಬುದು ಒಂದು ಉತ್ತರ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಸಸಿ ಬೆಳೆಸುವವರಿಗೆ ಬೇಕಾಗಿರುವುದು ಯೂರಿಯಾ ಅಲ್ಲ, ಗೊಬ್ಬರ. ಕೆಂಪುಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿ ಚೀಲ ತುಂಬುವುದು ನಮ್ಮ ನರ್ಸರಿಗಳ ವಾಡಿಕೆ. ದನ ಕಟ್ಟುವ ಮನೆಗಳು ಕಡಿಮೆಯಾದಂತೆ ಆ ಮೂರನೆಯ ಪಾಲು ದುಬಾರಿಯಾಗಿದೆ. ಸರಿಯಾಗಿ ಕಳಿಯದ ಗೊಬ್ಬರ ಬಂದರೆ ಅದರ ಜೊತೆ ಕಳೆಬೀಜ, ಗೊಣ್ಣೆಹುಳು, ಗೆದ್ದಲು ಎಲ್ಲವೂ ಬರುತ್ತವೆ. ಒಣಗಿಸಿ ಹದಮಾಡಿದ ಮೀನುಹೊಂಡದ ಕೆಸರು ತುಂಬಬೇಕಾದ ಜಾಗ ಇದೇ.

ಬೆಳೆದ ತೋಟಕ್ಕಿಂತ ಸಸಿಗೇ ಇದು ಹೆಚ್ಚು ಹೊಂದುತ್ತದೆ ಎನ್ನಲು ಗಟ್ಟಿ ಕಾರಣಗಳಿವೆ. ಮೀನಿನ ಆಹಾರದಲ್ಲಿ ಪೊಟ್ಯಾಷ್ ಕಡಿಮೆ, ಹಾಗಾಗಿ ಅದರ ತ್ಯಾಜ್ಯದಲ್ಲೂ ಕಡಿಮೆ. ಕಾಯಿ ಕಟ್ಟುವ ಮರಕ್ಕೆ ಈ ಕೊರತೆ ದೊಡ್ಡದು. ಆದರೆ ಎಳೆಸಸಿಯ ಕೆಲಸ ಎಲೆ ಬಿಡುವುದು, ಕಾಂಡ ದಪ್ಪವಾಗುವುದು, ಬೇರು ಹರಡುವುದು. ಅದಕ್ಕೆ ಬೇಕಾದ ಸಾರಜನಕ, ರಂಜಕ ಎರಡೂ ಇಲ್ಲಿವೆ. ಕಸಿ ಕಟ್ಟುವವರನ್ನು ಕೇಳಿದರೆ ಗೊತ್ತಾಗುತ್ತದೆ, ಬುಡದ ಸಸಿ ಪೆನ್ಸಿಲ್ ದಪ್ಪಕ್ಕೆ ಬರುವವರೆಗೆ ಅವರ ಕೈ ಕಟ್ಟಿರುತ್ತದೆ. ಅದು ಬೇಗ ಬಂದಷ್ಟೂ ಆ ವರ್ಷದ ಆದಾಯ ಉಳಿಯಿತು. ಇನ್ನೊಂದು, ಆರೋಗ್ಯದ ಮಾತು. ಮೀನುಹೊಂಡದ ನೀರನ್ನು ಹಸಿಯಾಗಿ ತಿನ್ನುವ ಕೊತ್ತಂಬರಿಗೋ ಮೂಲಂಗಿಗೋ ಸುರಿಯಲು ಯಾರಾದರೂ ಹಿಂಜರಿಯಬೇಕು. ಮಾವಿನ ಸಸಿ ಹಣ್ಣು ಕೊಡುವುದು ವರ್ಷಗಳ ನಂತರ. ಚೀಲದಲ್ಲಿರುವಾಗ ಕುಡಿದ ನೀರಿನ ಅಳುಕು ಆ ಹಣ್ಣಿಗೆ ತಟ್ಟುವುದಿಲ್ಲ.

ಇದು ಹೊರಗಿನಿಂದ ಬಂದ ಹೊಸ ವಿದ್ಯೆಯೂ ಅಲ್ಲ. ತುಮಕೂರು, ಚಿತ್ರದುರ್ಗದ ಕಡೆ ಕೆರೆ ಬತ್ತಿದ ಬೇಸಿಗೆಯಲ್ಲಿ ಗಾಡಿ ಕಟ್ಟಿ ಕೆರೆಗೋಡು ಹೊಡೆದು ತೆಂಗು, ಅಡಿಕೆ ತೋಟಕ್ಕೆ ಹಾಕುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಒಕ್ಕಲುತನ ಮಾಡುತ್ತಿದ್ದಾರೆ. ಗೋಡಿನ ಬೆಲೆ ಗೊತ್ತಿದ್ದ ನಾಡು ಇದು.

ವಿಯೆಟ್ನಾಂನ ಒಕ್ಕಲು ಮನೆಗಳಲ್ಲಿ ಹಿತ್ತಲ ತೋಟ, ಮೀನುಕೊಳ, ಕೊಟ್ಟಿಗೆ ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ವರ್ಷಕ್ಕೊಮ್ಮೆ ಕೊಳದ ಕೆಸರು ಎತ್ತಿ ಹಣ್ಣಿನ ಮರಗಳ ಬುಡಕ್ಕೆ ಹಾಕುವುದು ಅಲ್ಲಿನ ಪದ್ಧತಿ. ಚೀನಾದ ಹುಝೌ ಪ್ರದೇಶದಲ್ಲಂತೂ ಕೊಳದ ಕೆಸರು ಏರಿಯ ಮೇಲಿನ ಹಿಪ್ಪುನೇರಳೆಗೆ, ಹಿಪ್ಪುನೇರಳೆ ಸೊಪ್ಪು ರೇಷ್ಮೆಹುಳುವಿಗೆ, ಹುಳುವಿನ ಹಿಕ್ಕೆ ಮತ್ತೆ ಮೀನಿಗೆ ಹೋಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಹಿಪ್ಪುನೇರಳೆ, ರೇಷ್ಮೆ, ಕೆರೆ ಮೂರೂ ಇರುವ ರಾಮನಗರ, ಶಿಡ್ಲಘಟ್ಟದವರಿಗೆ ಈ ಸರಪಳಿ ಬಿಡಿಸಿ ಹೇಳಬೇಕಾಗಿಲ್ಲ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ನೆಲದಾಳದ ಸವಳು ನೀರಿನಲ್ಲಿ ಮೊದಲು ಮೀನು ಸಾಕಿ, ಆ ನೀರನ್ನೇ ಆಲಿವ್, ಖರ್ಜೂರದ ಮರಗಳಿಗೆ ಹರಿಸುತ್ತಾರೆ.

ನೆಗೆವ್‌ನ ಮಾತು ಎತ್ತಿದ ಕೂಡಲೇ ಎಚ್ಚರಿಕೆಯನ್ನೂ ಹೇಳಬೇಕು. ಆಲಿವ್, ಖರ್ಜೂರ ಉಪ್ಪು ತಡೆಯುವ ಮರಗಳು. ಮಾವು, ನಿಂಬೆ, ಬೆಣ್ಣೆಹಣ್ಣಿನ ಎಳೆಸಸಿಗಳು ತಡೆಯುವುದಿಲ್ಲ; ಎಲೆಯ ತುದಿ ಸುಟ್ಟಂತಾಗಿ ಒಣಗುತ್ತವೆ. ಹಾಗಾಗಿ ಕರಾವಳಿಯ ಸಿಗಡಿ ಕೊಳಗಳ ಕೆಸರು ಈ ಕೆಲಸಕ್ಕೆ ಬರುವುದಿಲ್ಲ. ಬಯೋಫ್ಲಾಕ್ ಎಂಬ ಪದ್ಧತಿಯಲ್ಲಿ ಟ್ಯಾಂಕಿನೊಳಗೆ ಮೀನು ಸಾಕುವವರೂ ನೀರಿಗೆ ಉಪ್ಪು ಹಾಕುವುದುಂಟು, ಅದನ್ನು ಪರೀಕ್ಷಿಸದೆ ಸಸಿಗೆ ಬಿಡಬಾರದು. ಮೀನಿಗೆ ಇತ್ತೀಚೆಗೆ ಔಷಧಿ ಹಾಕಿದ ಹೊಂಡವಾದರೆ ಅದರ ಕೆಸರನ್ನು ದೂರವಿಡಬೇಕು. ಕೋಳಿ ಅಂಗಡಿಯ ತ್ಯಾಜ್ಯ ತಿನ್ನಿಸಿ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವ ಗುಂಡಿಗಳ ಗಲೀಜನ್ನಂತೂ ಗೊಬ್ಬರ ಎಂದು ಕರೆಯುವುದೇ ತಪ್ಪು.

ಹಸಿ ರಾಡಿಯನ್ನು ನೇರವಾಗಿ ಚೀಲಕ್ಕೆ ತುಂಬಿದರೂ ಸೋಲು ಖಚಿತ. ಗಾಳಿಯಾಡದೆ ಬೇರು ಕೊಳೆಯುತ್ತದೆ, ಒಣಗಿದ ಮೇಲೆ ಚೀಲದ ಮಣ್ಣು ಇಟ್ಟಿಗೆಯಾಗುತ್ತದೆ. ಕೆಸರನ್ನು ಹರವಿ ಬಿಸಿಲಿಗೆ ಒಣಗಿಸಿ, ತೆಂಗಿನ ನಾರಿನ ಪುಡಿಯನ್ನೋ ತರಗೆಲೆಯನ್ನೋ ಬೆರೆಸಿ, ವಾಸನೆ ಹೋಗುವವರೆಗೆ ಕಳಿಯಲು ಬಿಡಬೇಕು. ಮಣ್ಣಿನ ಹೊಂಡದ ತಳದಲ್ಲಿ ಸಿಗುವುದು ಹೆಚ್ಚಾಗಿ ಮಣ್ಣೇ. ಪ್ಲಾಸ್ಟಿಕ್ ಹಾಸಿದ ಹೊಂಡ, ಟ್ಯಾಂಕುಗಳ ಕೆಸರಿನಲ್ಲಿ ಸಾರ ಹೆಚ್ಚು. ಎರಡಕ್ಕೂ ಒಂದೇ ಅಳತೆ ಹಾಕಬಾರದು.

ಈ ಅಳತೆಗಳನ್ನು ಗೊತ್ತುಪಡಿಸಿ ಕೊಡಬೇಕಾದವರು ಯಾರು? ಹೆಸರಘಟ್ಟ ಕೆರೆಯ ಆಸುಪಾಸಿನಲ್ಲೇ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಅಲ್ಲೇ ಇದೆ. ಹಣ್ಣಿನ ವಿಜ್ಞಾನಿಗಳೂ ಮೀನಿನ ವಿಜ್ಞಾನಿಗಳೂ ಒಂದೇ ಕೆರೆಯ ನೆರೆಹೊರೆಯವರು. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲಿ. ಇಷ್ಟೆಲ್ಲ ಇರುವ ರಾಜ್ಯದಲ್ಲಿ, ಯಾವ ಹಣ್ಣಿನ ಸಸಿಗೆ ಯಾವ ಬಗೆಯ ಹೊಂಡದ ಗೋಡು ಎಷ್ಟು ಬಾಂಡ್ಲಿ ಎಂದು ಒಂದು ಪುಟದಲ್ಲಿ ಬರೆದು ರೈತನ ಕೈಗೆ ಕೊಡುವುದು ಅಸಾಧ್ಯದ ಕೆಲಸವಲ್ಲ.

ಸರ್ಕಾರದ ಕೈಯಲ್ಲೂ ಹತೋಟಿ ಇದೆ. ಕೃಷಿಭಾಗ್ಯ ಯೋಜನೆಯಲ್ಲಿ 2014ರಿಂದ ಈಚೆಗೆ ಒಣಭೂಮಿಯ ಉದ್ದಗಲಕ್ಕೂ ಕೃಷಿಹೊಂಡಗಳು ಎದ್ದಿವೆ, ಹಲವರು ಅವುಗಳಲ್ಲಿ ಮೀನು ಬಿಟ್ಟಿದ್ದಾರೆ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆ ಬಯೋಫ್ಲಾಕ್‌ನಂಥ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಹಾಗೂ ಮಹಿಳೆಯರಿಗೆ ಶೇ 60 ಸಹಾಯಧನ ಗೊತ್ತುಪಡಿಸಿತು. ಅರ್ಜಿ ಮಂಜೂರು ಮಾಡುವಾಗ ಅಧಿಕಾರಿಗಳು ಒಂದು ಪ್ರಶ್ನೆ ಕೇಳಲಿ: ನೀರೂ ಕೆಸರೂ ಎಲ್ಲಿಗೆ ಹೋಗುತ್ತವೆ? ಭದ್ರಾ ಯೋಜನೆಯ ಬಿಆರ್‌ಪಿ, ತುಂಗಭದ್ರಾ ಅಣೆಕಟ್ಟೆಯಂಥ ಕಡೆ ಇರುವ ಮೀನುಮರಿ ಕೇಂದ್ರಗಳ ಕೆಸರು ತೋಟಗಾರಿಕೆ ಇಲಾಖೆಯ ನರ್ಸರಿಗಳಿಗೆ ಹೋಗಲಿ. ಎರಡು ಇಲಾಖೆಗಳ ನಡುವೆ ಓಡಾಡಬೇಕಾದದ್ದು ಒಂದು ಟ್ರ್ಯಾಕ್ಟರ್ ಅಷ್ಟೆ.

ಅಲ್ಲಿಯವರೆಗೆ ರೈತರು ಕಾಯಬೇಕಾಗಿಲ್ಲ. ಹೊಂಡ ಬತ್ತುವ ಬೇಸಿಗೆ ಮುಗಿಯುತ್ತಿದ್ದಂತೆ ಮಾವಿನ ವಾಟೆ ನೆಡುವ ಕಾಲ ಬರುತ್ತದೆ. ಈ ವರ್ಷ ಹೊಂಡ ಖಾಲಿ ಮಾಡುವವರು ಇಪ್ಪತ್ತು ಚೀಲಕ್ಕಾದರೂ ಹದಮಾಡಿದ ಗೋಡು ಬೆರೆಸಿ ವಾಟೆ ಹೂತು ನೋಡಲಿ, ಪಕ್ಕದಲ್ಲಿ ಕೊಟ್ಟಿಗೆ ಗೊಬ್ಬರದ ಇಪ್ಪತ್ತು ಚೀಲ ಇಟ್ಟುಕೊಳ್ಳಲಿ. ದೀಪಾವಳಿಯ ಹೊತ್ತಿಗೆ ಎರಡು ಸಾಲುಗಳ ಕಾಂಡವನ್ನು ಬೆರಳಿನಲ್ಲಿ ಹಿಡಿದು ಅಳೆಯಲಿ.