ವಿದ್ಯಾಲಯದ ಅಂಗಳದಲ್ಲಿ ದಾನಿಗಳ ಕಲ್ಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ವರ್ತಕರು ದಾನ ನೀಡುವುದರಲ್ಲಿ ಹಿಂದೆ ಬಿದ್ದವರಲ್ಲ. ಹಿರಿಯರ ಸ್ಮರಣಾರ್ಥ ಶಾಲಾ ಕಾಲೇಜುಗಳಿಗೆ ಮಹಾದ್ವಾರ, ರಂಗಮಂದಿರಗಳನ್ನು ಕಟ್ಟಿಸಿಕೊಡುವ ಪರಿಪಾಠ ನಮ್ಮಲ್ಲಿದೆ. ರಾಮನಗರದ ಅರ್ಚಕರಹಳ್ಳಿಯಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆವರಣಕ್ಕೆ ಸ್ಥಳ ಗೊತ್ತುಪಡಿಸಿ ವರ್ಷಗಳೇ ಸಂದಿವೆ. ಅದು ನೆಲೆಗೊಂಡಂತೆ ಸ್ಮಾರಕಗಳ ಪ್ರಸ್ತಾಪವೂ ನಮ್ಮ ಮುಂದೆ ಬಂದೀತು. ಆದಕಾರಣ ಈಗಲೇ ಪರ್ಯಾಲೋಚಿಸುವುದು ಯುಕ್ತ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡದ ಎದುರು ಜಮ್ಷೆಟ್‌ಜಿ ಟಾಟಾ ಅವರ ಸ್ಮಾರಕವಿದೆ. ಶಿಲ್ಪಿ ಗಿಲ್ಬರ್ಟ್ ಬೇಯ್ಸ್ ರಚಿಸಿದ ಅದು ಸ್ಥಾಪಿತವಾದದ್ದು 1922ರಲ್ಲಿ. ಅಲ್ಲಿನ ಪ್ರತಿಮೆಗಳಲ್ಲಿ ಸಿಡಿಲು ಹಿಡಿದ ದೇವನು ವಿದ್ಯುತ್ತಿಗೆ ಸಂಕೇತವಾದರೆ, ನೂಲುವ ಕದಿರು ಹಿಡಿದ ದೇವಿಯು ಜವಳಿ ಉದ್ಯಮಕ್ಕೆ ಸಂಕೇತ. ಗೂಡು, ನೂಲುಗಳಿಂದಲೇ ಬದುಕುವ ನಮಗೆ ಆ ಕದಿರು ಪರಕೀಯವಲ್ಲ. ಜಪಾನೀ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಆರಂಭಿಸಿದವರೂ ಟಾಟಾ ಅವರೇ. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ಉಳಿದಿದೆ.

ಗಮನಿಸಬೇಕಾದದ್ದು ಕಾಲಕ್ರಮವನ್ನು. ಟಾಟಾ ತಮ್ಮ ಆಸ್ತಿಯ ದೊಡ್ಡ ಪಾಲೊಂದನ್ನು ಸಂಸ್ಥೆಗೆಂದು ಮೊದಲೇ ಮೀಸಲಿರಿಸಿ 1904ರಲ್ಲಿ ತೀರಿಕೊಂಡರು. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಭೂಮಿ ನೀಡಿತು. ಸಂಸ್ಥೆ 1909ರಲ್ಲಿ ಸ್ಥಾಪನೆಗೊಂಡು, 1911ರಲ್ಲಿ ಪಾಠ ಪ್ರವಚನ ಮೊದಲಾಯಿತು. ಸ್ಮಾರಕ ಬಂದದ್ದು ಇಷ್ಟೆಲ್ಲ ಆದ ಮೇಲೆ. ಸಂಸ್ಥೆಗೆ ತಮ್ಮ ಹೆಸರು ಬೇಡವೆಂದರು ಟಾಟಾ. ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆದರು.

ನಮ್ಮದು ತದ್ವಿರುದ್ಧ ಕ್ರಮ. ಇಪ್ಪತ್ತು ವರ್ಷಗಳ ಹಿಂದೆ ಕಾಲೇಜೊಂದರ ಮಹಾದ್ವಾರಕ್ಕೆ ನಾನೂ ವಂತಿಗೆ ಕೊಟ್ಟಿದ್ದೆ. ಫಲಕದಲ್ಲಿ ಯಾರ ಹೆಸರು ಮೇಲಿರಬೇಕೆಂಬುದಕ್ಕೆ ಮೂರು ಸಭೆಗಳಾದವು. ನಿರ್ವಹಣೆಯ ಮಾತು ಒಮ್ಮೆಯೂ ಬರಲಿಲ್ಲ. ಇಂದು ಗಾರೆ ಉದುರಿದೆ, ಅಕ್ಷರಗಳು ಮಾಸಿವೆ. (ಮೊನ್ನೆ ಅಲ್ಲಿ ನಿಂತಾಗ ನಾನು ಮೊದಲು ಹುಡುಕಿದ್ದು ನನ್ನ ಹೆಸರನ್ನೇ ಎಂಬುದನ್ನು ಮರೆಮಾಚಲಾರೆ.)

ಸ್ಮಾರಕಗಳೇ ಬೇಡವೆಂದು ನನ್ನ ವಾದವಲ್ಲ. ಕನಕಪುರ, ಮಾಗಡಿ ಸೀಮೆಯಲ್ಲಿ ಒಳ್ಳೆಯ ಕಲ್ಲಿದೆ. ಚನ್ನಪಟ್ಟಣದಲ್ಲಿ ಮರಕ್ಕೆ ಅರಗಿನ ಬಣ್ಣ ಕೊಡುವ ಕುಶಲಿಗಳಿದ್ದಾರೆ. ಹೀಗಿರುವಾಗ ಸಿಮೆಂಟಿನ ಕಮಾನೇ ಏಕೆ? ಆರೋಗ್ಯ ವಿದ್ಯೆಯ ಆವರಣದಲ್ಲಿ ರೋಗಿಗಳ ಕಡೆಯವರು ತಂಗಲು ಒಂದು ಕಲ್ಲಿನ ಮಂಟಪ ಕಟ್ಟಿಸಿದರೆ, ದಾನಿಯ ಹೆಸರಿನಡಿಯಲ್ಲಿ ನಾಲ್ಕು ಜನ ಕುಳಿತಾದರೂ ಇರುತ್ತಾರೆ. ಸಂಗ್ರಹವಾದ ಹಣದ ಒಂದು ಪಾಲನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದ ದುರಸ್ತಿ ನಡೆಯಬೇಕೆಂದು ದಾನಪತ್ರದಲ್ಲಿಯೇ ನಮೂದಿಸಬೇಕು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಪದಾಧಿಕಾರಿಗಳನ್ನು ಕೋರುತ್ತೇನೆ.