ಗಿರಣಿಯ ಹಾದಿ

ನಮ್ಮ ಡೋಣಿಯಲ್ಲಿ ಹೆಂಗಸರಿಗೆ ಸುದ್ದಿ ಸಿಗುವ ಜಾಗ ಎರಡು. ಒಂದು ನಳದ ಮುಂದೆ, ಇನ್ನೊಂದು ಹಿಟ್ಟಿನ ಗಿರಣಿಯಲ್ಲಿ. ಯಾರ ಮನೆಗೆ ಬೀಗರು ಬಂದರು, ಯಾರ ಎಮ್ಮೆ ಈಯಿತು, ಜೋಳ ಬೀಸಿ ಮುಗಿಯುವುದರೊಳಗೆ ಎಲ್ಲ ತಿಳಿಯುತ್ತದೆ. ಹಿಂದಿನ ಓಣಿಯ ಆ ಹುಡುಗಿಯ ಪರಿಚಯ ನನಗಾದದ್ದೂ ಗಿರಣಿಯಲ್ಲಿಯೇ. ನನಗಿಂತ ಹದಿನೈದು ವರ್ಷ ಚಿಕ್ಕವಳು. "ಅಕ್ಕಾರ, ನಿಮ್ಮ ಡಬ್ಬಿ ಮುಂದ ಇಡ್ರಿ" ಅಂತ ಪಾಳಿ ಬಿಟ್ಟುಕೊಡುತ್ತಿದ್ದಳು. ಒಬ್ಬರ ಮನೆಯೊಳಗೆ ಒಬ್ಬರು ಕಾಲಿಟ್ಟವರಲ್ಲ, ಗೆಳೆತನ ಅಷ್ಟೇ.

ಆಕೆಯ ಗಂಡ ಹುಬ್ಬಳ್ಳಿ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ವಾರಕ್ಕೊಮ್ಮೆ ಊರಿಗೆ ಬರುವವನು. ಹೋದ ವರ್ಷ ಒಂದು ದಿನ ಮೂರನೇ ಅಂತಸ್ತಿನಲ್ಲಿ ಹಲಗೆ ಜಾರಿ ಕೆಳಗೆ ಬಿದ್ದ. ಮುಂಜಾನೆ ಫೋನಿನಲ್ಲಿ "ಮಗಳಿಗೆ ಚಪ್ಪಲಿ ತರತೀನಿ" ಅಂದವನು ಮರುದಿನ ಆಂಬುಲೆನ್ಸಿನಲ್ಲಿ ಬಂದ.

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ಮೂರು ದಿನ ಇಡೀ ಓಣಿಯೇ ರೊಟ್ಟಿ, ಬ್ಯಾಳಿ ಹೊತ್ತು ಹೋಯಿತು. ನಾನೂ ಹೋದೆ, ಅತ್ತೆ. ಆಮೇಲೆ? ಆಮೇಲೆ ಯಾರೂ ಇಲ್ಲ. ಹೇಳಲು ನಾಚಿಕೆಯಾಗುತ್ತದೆ, ನಾನಂತೂ ಗಿರಣಿಗೆ ಹೋಗುವ ಹಾದಿಯನ್ನೇ ಬದಲಿಸಿದೆ. ಆಕೆಯ ಮನೆಯ ಮುಂದೆ ಹೋಗುವುದು ಬೇಡವೆಂದು ಗುಡಿಯ ಸುತ್ತು ಹಾಕಿ ಹೋಗತೊಡಗಿದೆ. ಎದುರಿಗೆ ಸಿಕ್ಕರೆ ಏನು ಮಾತಾಡಲಿ ಎಂಬ ಅಂಜಿಕೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತದ್ದು ನಿಮಗೂ ನೆನಪಿರಬೇಕು. ದಿನಗಟ್ಟಲೆ ಟಿ.ವಿ. ಮುಂದೆ ಕುಳಿತು, ಅವಶೇಷದಡಿಯಿಂದ ಒಬ್ಬೊಬ್ಬರನ್ನು ಜೀವಂತ ಹೊರತೆಗೆದಾಗ ನಾವೆಲ್ಲ ಕೈಮುಗಿದೆವು. ಟಿ.ವಿ. ಬೇರೆ ಸುದ್ದಿಗೆ ಹೋದ ಮೇಲೆ ಆ ಮನೆಯವರನ್ನು ಯಾರು ನೆನೆದರು? ದೂರದವರ ಮಾತು ಬಿಡಿ, ಹಿಂದಿನ ಓಣಿಗೇ ನಾನು ಹೋಗಲಿಲ್ಲವಲ್ಲ!

ಒಂದು ದಿನ ಗುಡಿಯ ಹತ್ತಿರವೇ ಎದುರಾದಳು. "ಅಕ್ಕಾರ, ನಮ್ಮ ಓಣಿ ಹಾದಿ ಮರತ್ರೇನು?" ನಾನು ಕಳ್ಳಿಯ ಹಾಗೆ ನಿಂತೆ. "ಎಲ್ಲಾರೂ ನನ್ನ ಕಂಡ ಕೂಡ್ಲೆ ಮಾತು ನಿಲ್ಲಸ್ತಾರ. ನಿಮ್ಮ ಕೂಡ ಜ್ವಾಳದ ರೇಟಾದರೂ ಮಾತಾಡಬಹುದು ಅಂತಿದ್ದೆ" ಅಂದಳು.

ಅಂದೇ ಆಕೆಯ ಮನೆಗೆ ಹೋದೆ. ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲವೆಂದಳು. ಒಂದು ಬಟ್ಟಲು ಜೋಳದ ನುಚ್ಚಿಗೆ ನಾಲ್ಕು ಬಟ್ಟಲು ನೀರು, ಉಪ್ಪು ಹಾಕಿ ಮೆತ್ತಗೆ ಕುದಿಸಿ, ಮಜ್ಜಿಗೆ ಕಲಸಿ ಕೊಟ್ಟೆ. ಇಳಿಯಿತು. ದುಃಖದ ಮನೆಗೆ ಒಯ್ಯಲು ರೊಟ್ಟಿಗಿಂತ ಇದೇ ಮೇಲು ನೋಡಿ.

ಆಗ ಟ್ರಂಕಿನಿಂದ ಒಂದು ಕಾಗದ ತೆಗೆದಳು. ಗುತ್ತಿಗೆದಾರನ ಕಡೆಯವನು ಐವತ್ತು ಸಾವಿರ ರೂಪಾಯಿ ಕೊಡುತ್ತೇನೆ, ಸಹಿ ಮಾಡು ಅಂದಿದ್ದನಂತೆ. "ನಿನ್ನ ಗಂಡ ಬೆಲ್ಟ್ ಕಟ್ಟಿಕೊಂಡಿದ್ದಿಲ್ಲ, ತಪ್ಪು ಅವಂದs" ಎಂಬ ಮಾತು ಬೇರೆ. ಓದಿದೆ. ಇನ್ನು ಮುಂದೆ ಯಾವ ತಕರಾರೂ ಇಲ್ಲ ಎಂದು ಬರೆದಿತ್ತು. ನನ್ನ ಓದು ಎಸ್ಸೆಸ್ಸೆಲ್ಸಿವರೆಗೆ, ಆದರೂ ಇದಕ್ಕೆ ಸಹಿ ಹಾಕಬಾರದು ಅಂತ ತಿಳಿಯಿತು.

ಇಬ್ಬರೂ ಬಸ್ಸು ಹತ್ತಿ ಗದಗಿಗೆ ಹೋದೆವು. ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರ ಅಂತ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಪುಕ್ಕಟೆ. ಅಲ್ಲಿಯ ವಕೀಲೆ ಹೇಳಿದ್ದು ಕೇಳಿ ಇಬ್ಬರಿಗೂ ಕಣ್ಣು ತೆರೆಯಿತು. ಕೆಲಸದ ಮೇಲಿದ್ದಾಗ ಅಪಘಾತದಲ್ಲಿ ಸತ್ತರೆ, ಬೆಲ್ಟ್ ಹಾಕಿರಲಿಲ್ಲ, ತಪ್ಪು ಅವನದೇ ಎಂದು ಹೇಳಿ ಮಾಲೀಕ ಪರಿಹಾರ ತಪ್ಪಿಸುವಂತಿಲ್ಲ. ಕಾರ್ಮಿಕರ ಪರಿಹಾರದ ಕಾನೂನು 1923ರಷ್ಟು ಹಳೆಯದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ಸಾವಿನ ಪರಿಹಾರದ ಹಣವನ್ನು ಕೈಯಲ್ಲಿ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ, ಕಾನೂನು ಹೇಳಿದ ಅಧಿಕಾರಿಯ ಹತ್ತಿರವೇ ಕಟ್ಟಬೇಕು. ಎಫ್.ಐ.ಆರ್., ಪೋಸ್ಟ್‌ಮಾರ್ಟಂ ವರದಿ, ಮರಣ ಪ್ರಮಾಣಪತ್ರ, ಕೂಲಿ ಕೊಟ್ಟ ಚೀಟಿ ಎಲ್ಲ ಜೋಪಾನ ಮಾಡಿರಿ ಅಂದರು. ಕೂಲಿಯ ಚೀಟಿಯೊಂದೂ ಇರಲಿಲ್ಲ. ಗಂಡನ ಫೋನಿನಲ್ಲಿ ಮೇಸ್ತ್ರಿ ಹಣ ಹಾಕಿದ ಮೆಸೇಜುಗಳು ಸಿಕ್ಕವು, ಪುಣ್ಯ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡನ್ನೂ ಆತ ಮಾಡಿಸಿರಲಿಲ್ಲ. ನಿಮ್ಮ ಮನೆಯ ಗಂಡಸರು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರೆ ಇವತ್ತೇ ಕೇಳಿರಿ. 18ರಿಂದ 60 ವರ್ಷದೊಳಗಿದ್ದು, ವರ್ಷದಲ್ಲಿ 90 ದಿನ ಕೆಲಸ ಮಾಡಿದವರಿಗೆ ಹೆಸರು ಬರೆಸಲು ಬರುತ್ತದೆ. "ನಾಳೆ ಮಾಡಸ್ತೀನಿ" ಅಂದರೆ ಊಟಕ್ಕೆ ಎಬ್ಬಿಸಬೇಡಿ!

ಕೇಸು ಇನ್ನೂ ನಡೆದಿದೆ. ಈಗ ಗಿರಣಿಗೆ ಕೂಡಿಯೇ ಹೋಗುತ್ತೇವೆ. ಕೆಲವು ಸಲ ಆಕೆ ಗಂಡನ ಸುದ್ದಿ ತೆಗೆಯುತ್ತಾಳೆ, ಕೆಲವು ಸಲ ಬರೇ ಜೋಳದ ರೇಟು. ಬರುವ ಸೋಮವಾರ ಗದಗಿನಲ್ಲಿ ತಾರೀಖು ಇದೆ. ಬುತ್ತಿಗೆ ರೊಟ್ಟಿ ಆಕೆಯದು, ಶೇಂಗಾ ಚಟ್ನಿ ನನ್ನದು.